ಅರೇಯಲ್ಲಿ ಮದ್ದೂರು ಹುಡುಕುವುದು ಹೇಗೆ?

ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನು ಒಂದು ಅರೇಯಲ್ಲಿ, ಅಂದರೆ ಪ್ರೋಗ್ರಾಮಿನ ಸಾಲುಪಟ್ಟಿಯಲ್ಲಿ, ಅಕಾರಾದಿಯಾಗಿ ತುಂಬಿಕೊಳ್ಳಿ: ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ. ಇಂಡೆಕ್ಸ್, ಅಂದರೆ ಜಾಗದ ಸಂಖ್ಯೆ, ಸೊನ್ನೆಯಿಂದ ಆರಂಭವಾಗುತ್ತದೆ. ಕೃಷ್ಣರಾಜಪೇಟೆಯದು 0, ಶ್ರೀರಂಗಪಟ್ಟಣದ್ದು 6. ಮದ್ದೂರು ಎಲ್ಲಿದೆ ಎಂದು ಪ್ರೋಗ್ರಾಮ್ ಹೇಳಬೇಕು.

ಮೊದಲು ಲೀನಿಯರ್ ಸರ್ಚ್. 0ಯಿಂದ ಲೂಪ್ ನಡೆಸಿ, ಒಂದೊಂದೇ ಹೆಸರನ್ನು ಹೋಲಿಸಿ, ಸಿಕ್ಕೊಡನೆ ಇಂಡೆಕ್ಸ್ ಹಿಂದಿರುಗಿಸಿ. ಕೊನೆಯವರೆಗೂ ಸಿಗದಿದ್ದರೆ -1 ಕೊಡಿ. ‘ಇಲ್ಲ’ ಎನ್ನಲು 0 ಬಳಸಬೇಡಿ, ಅದು ಕೃಷ್ಣರಾಜಪೇಟೆಯ ಜಾಗ. ಪೈಥಾನ್ ಬಳಸುವವರು ಇನ್ನಷ್ಟು ಎಚ್ಚರದಿಂದಿರಿ: ಅಲ್ಲಿ -1 ಎಂದರೆ ಕೊನೆಯ ಜಾಗ. ಪರೀಕ್ಷಿಸದೆ ಬಳಸಿದರೆ ಶ್ರೀರಂಗಪಟ್ಟಣ ಬಂದು ಕೂರುತ್ತದೆ.

ಮದ್ದೂರಿಗೆ ಐದು ಹೋಲಿಕೆ ಬೇಕಾಯಿತು. ಒಮ್ಮೆ ಮಾತ್ರ ಹುಡುಕುವುದಿದ್ದರೆ ಇಷ್ಟೇ ಸಾಕು. ಅದಕ್ಕಾಗಿ ಇಡೀ ಪಟ್ಟಿಯನ್ನು ಸಾರ್ಟ್ ಮಾಡುವುದು, ಅಂದರೆ ಕ್ರಮಕ್ಕೆ ಜೋಡಿಸುವುದು, ದಂಡ.

ಪಟ್ಟಿ ದೊಡ್ಡದಿದ್ದು, ಸಾರ್ಟ್ ಆಗಿದ್ದು, ಮತ್ತೆ ಮತ್ತೆ ಹುಡುಕಬೇಕಾದರೆ ಪ್ರತಿ ಸಲ ಪಟ್ಟಿಯನ್ನು ಅರ್ಧ ಮಾಡುತ್ತ ಹುಡುಕುವ ಬೈನರಿ ಸರ್ಚ್ ಬಳಸಿ. ಹುಡುಕುವ ಭಾಗದ ಎರಡು ತುದಿಗಳಾದ ‘ಎಡ’ 0, ‘ಬಲ’ 6 ಇರಲಿ. ಎರಡನ್ನೂ ಕೂಡಿಸಿ, ಎರಡರಿಂದ ಭಾಗಿಸಿ, ಶೇಷ ಬಿಟ್ಟರೆ ‘ನಡು’ 3: ಮಂಡ್ಯ. ಮದ್ದೂರು ಅದರ ನಂತರ ಬರುತ್ತದೆ, ಆದ್ದರಿಂದ ಎಡವನ್ನು ನಡುವಿನ ಮುಂದಕ್ಕೆ, 4ಕ್ಕೆ ಸರಿಸಿ. ಈಗ ನಡು 5: ಮಳವಳ್ಳಿ. ಮದ್ದೂರು ಅದಕ್ಕಿಂತ ಮೊದಲು ಬರುವುದರಿಂದ ಬಲವನ್ನು 4ಕ್ಕೆ ತನ್ನಿ. ನಡುವೂ 4 ಆಯಿತು; ಮದ್ದೂರು ಸಿಕ್ಕಿತು. ಮೂರೇ ಹೋಲಿಕೆ! ಹತ್ತು ಲಕ್ಷ ಹೆಸರುಗಳಿದ್ದರೂ 20 ಹೋಲಿಕೆ ದಾಟುವುದಿಲ್ಲ.

ಆ ಕೊನೆಯ ಹೆಜ್ಜೆಯನ್ನು ಮತ್ತೊಮ್ಮೆ ನೋಡಿ. ಎಡ, ಬಲ ಎರಡೂ 4. ‘ಎಡವು ಬಲಕ್ಕಿಂತ ಕಡಿಮೆ ಇರುವವರೆಗೆ’ ಎಂದು ಲೂಪ್ ಬರೆದಿದ್ದರೆ ಅದು ಇಲ್ಲಿಗೆ ಬರುವ ಮುನ್ನವೇ ನಿಂತು, ಮದ್ದೂರು ಇಲ್ಲ ಎನ್ನುತ್ತಿತ್ತು. ‘ಕಡಿಮೆ ಅಥವಾ ಸಮ’ ಎಂದೇ ಬರೆಯಿರಿ.

ಕನ್ನಡದ ಹೆಸರುಗಳಿಗೆ ಇನ್ನೊಂದು ತೊಡಕಿದೆ. ನಮ್ಮ ವಿದ್ಯಾರ್ಥಿಗಳು ಇದನ್ನು ತಿಳಿದಿರಲೇಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯನ್ನೇ ತೆಗೆದುಕೊಳ್ಳಿ. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು, ಅಕ್ಷರಗಳಿಗೆ ಸಂಕೇತ ಕೊಡುವ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಊರು ಪಟ್ಟಿಯಲ್ಲಿದ್ದೂ ಉತ್ತರ -1 ಬರುವುದು ಹೀಗೆ.

ಪಟ್ಟಿ ತುಂಬುವಾಗಲೂ, ಹುಡುಕುವ ಹೆಸರನ್ನು ಪಡೆಯುವಾಗಲೂ ಅದನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳನ್ನು ಕೂಡಿಸಿದ ಒಂದೇ ರೂಪಕ್ಕೆ, ತನ್ನಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ, ಜಾವಾಸ್ಕ್ರಿಪ್ಟ್‌ನ ಸ್ಟ್ರಿಂಗ್‌ಗಳಲ್ಲಿ ನಾರ್ಮಲೈಸ್ ಎಂಬ ಫಂಕ್ಷನ್ ಇದಕ್ಕೆಂದೇ ಇದೆ. ಸಾರ್ಟ್ ಮಾಡುವುದು ಅದಾದ ಮೇಲೆ.