ನಿಧನ ವಾರ್ತೆಯನ್ನು ಕೊನೆಯ ಸಾಲಿನಿಂದ ಓದಿ

ನಮ್ಮ ಮನೆಯ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿ ಹಳೆಯ ಪಂಚಾಂಗಗಳ ಕಟ್ಟೊಂದಿದೆ. ಎರಡು ವರ್ಷದ ಹಿಂದೆ ಗೆದ್ದಲು ಹತ್ತಿತೇನೋ ಎಂದು ಬಿಚ್ಚಿದಾಗ ಎರಡು ಬೆರಳಗಲದ ಪತ್ರಿಕೆಯ ತುಣುಕು ಉದುರಿತು. ಅಜ್ಜನ ಚಿಕ್ಕಪ್ಪ ತೀರಿಕೊಂಡ ಸುದ್ದಿ. ಹೆಸರೊಂದನ್ನು ಬಿಟ್ಟು ಉಳಿದದ್ದು ಇಷ್ಟು:

“ಶಿರಸಿ: ತಾಲೂಕಿನ ವಾನಳ್ಳಿ ಸಮೀಪದ ಹಿರಿಯ ಕೃಷಿಕ ಶ್ರೀ ... ಹೆಗಡೆ (78) ಇವರು ಅಲ್ಪಕಾಲದ ಅಸೌಖ್ಯದಿಂದ ಸೋಮವಾರ ಸ್ವಗೃಹದಲ್ಲಿ ನಿಧನರಾದರು. ದೇವಸ್ಥಾನದ ಮೊಕ್ತೇಸರರಾಗಿ, ತಾಳಮದ್ದಳೆಯ ಅರ್ಥಧಾರಿಯಾಗಿ ಪರಿಚಿತರಿದ್ದರು. ಮೃತರಿಗೆ ಪತ್ನಿ, ಮೂವರು ಪುತ್ರರು, ಕುಮಟಾ, ಹೊನ್ನಾವರ ಹಾಗೂ ಮುಂಬಯಿಯಲ್ಲಿರುವ ಪುತ್ರಿಯರು ಮತ್ತು ಅಪಾರ ಬಂಧುಬಳಗವಿದೆ.”

“ಅದೆಲ್ಲ ಎಂತಕ್ಕೆ ತಮಾ ಈಗ?” ಎಂದರು ದೊಡ್ಡಪ್ಪ. ಮುಂಬಯಿಯಲ್ಲೊಬ್ಬ ಮಗಳಿದ್ದದ್ದು ಅವರಿಗೂ ಗೊತ್ತಿರಲಿಲ್ಲ. ಹಳೆಯ ನಿಧನ ವಾರ್ತೆಯನ್ನು ಕೊನೆಯ ಸಾಲಿನಿಂದ ಓದಲು ನಾನು ಕಲಿತದ್ದು ಆವತ್ತು. ಮೇಲಿನ ಸಾಲುಗಳು ತೀರಿಹೋದವರ ಕುರಿತು. ಕೊನೆಯ ಸಾಲು ಉಳಿದವರ ಕುರಿತು. ವಂಶವೃಕ್ಷ ಬರೆಯಲು ಕುಳಿತವನಿಗೆ ಬೇಕಾದದ್ದು ಆ ಉಳಿದವರು. ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಎಲ್ಲೋ ಇದ್ದಾರೆ.

ಮೊದಲು ದಿನ ಹಿಡಿಯಿರಿ

ಪತ್ರಿಕೆ ಹುಡುಕಲು ತಾರೀಖು ಬೇಕು, ನಮ್ಮ ಮನೆಗಳಲ್ಲಿ ನೆನಪಿರುವುದು ತಿಥಿ. ಇದು ಅಂಥ ತೊಡಕೇನಲ್ಲ. ಶ್ರಾದ್ಧದ ತಿಥಿಯ ಜೊತೆಗೆ ಸಂವತ್ಸರದ ಹೆಸರು ಗೊತ್ತಿದ್ದರೆ ಕೆಲಸ ಮುಕ್ಕಾಲು ಮುಗಿದ ಹಾಗೆ. ಸಂವತ್ಸರದ ಚಕ್ರ 60 ವರ್ಷದ್ದು. 2024ರ ಯುಗಾದಿಯಿಂದ 2025ರ ಯುಗಾದಿಯವರೆಗೆ ಇದ್ದದ್ದು ಕ್ರೋಧಿ. ಅದರ ಹಿಂದಿನ ಕ್ರೋಧಿ 1964-65. ಅಜ್ಜನ ಈ ಚಿಕ್ಕಪ್ಪನ ಶ್ರಾದ್ಧ ಪುಷ್ಯ ಬಹುಳದ ನಡುಭಾಗಕ್ಕೆ ಬರುತ್ತದೆ, ಹೋದದ್ದು ಕ್ರೋಧಿಯಲ್ಲಿ ಎಂಬ ಮಾತೂ ಮನೆಯಲ್ಲಿತ್ತು. ಆ ವರ್ಷದ ಪುಷ್ಯ ಬಹುಳವೆಂದರೆ 1965ರ ಜನವರಿಯ ಉತ್ತರಾರ್ಧ. ಆ ಪಕ್ಷದಲ್ಲಿ ಸೋಮವಾರ ಬಂದದ್ದು ಜನವರಿ 18, 25 ಮತ್ತು ಫೆಬ್ರುವರಿ 1ಕ್ಕೆ. ನಡುವಿನದು 25. ಅಲ್ಲಿಂದ ಒಂದು ವಾರದ ಪತ್ರಿಕೆ ನೋಡಿದರಾಯಿತು. ಹಳ್ಳಿಯ ಸುದ್ದಿ ಬಸ್ಸಿನಲ್ಲೋ ಅಂಚೆಯಲ್ಲೋ ಹೋಗಿ ಅಚ್ಚಾಗುತ್ತಿದ್ದ ಕಾಲ, ನಾಲ್ಕೈದು ದಿನ ತಡವಾಗುವುದು ಮಾಮೂಲು.

ಎರಡು ಎಚ್ಚರಿಕೆ. ಅಧಿಕ ಮಾಸ ಬಂದ ವರ್ಷ ಲೆಕ್ಕ ಒಂದು ತಿಂಗಳು ಹಿಂದೆ ಮುಂದೆ ಆಗುತ್ತದೆ, ಆ ವರ್ಷದ ಪಂಚಾಂಗವನ್ನೇ ನೋಡುವುದು ಒಳ್ಳೆಯದು. ತುಣುಕು ಯಾವ ಪಂಚಾಂಗದೊಳಗೆ ಸಿಕ್ಕಿತು ಎಂಬುದನ್ನು ಮಾತ್ರ ನಂಬಬೇಡಿ. ನಮ್ಮದು ಸಿಕ್ಕಿದ್ದು ಇನ್ಯಾವುದೋ ವರ್ಷದ ಪಂಚಾಂಗದಲ್ಲಿ.

ತಾರೀಖಿಲ್ಲದ ತುಣುಕಾದರೆ ಬೆನ್ನು ನೋಡಿ

ಕತ್ತರಿ ಹಿಡಿದವರು ಸುದ್ದಿ ಉಳಿಸುತ್ತಾರೆ, ಪತ್ರಿಕೆಯ ಹೆಸರು, ತಾರೀಖು ಕತ್ತರಿಸಿ ಎಸೆಯುತ್ತಾರೆ. ಎಲ್ಲ ಮನೆಯಲ್ಲೂ ಇದೇ ಕತೆ. ಆಗ ತುಣುಕನ್ನು ತಿರುಗಿಸಿ. ಹಿಂಬದಿಯ ಅರೆಬರೆ ಸಾಲು ಕೆಲವೊಮ್ಮೆ ಮುಂಬದಿಗಿಂತ ಹೆಚ್ಚು ಹೇಳುತ್ತದೆ.

“ಮೈಸೂರು ರಾಜ್ಯ” ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಬೆಲೆಯನ್ನು “ನ.ಪೈ.” ಎಂದು ಬರೆದಿದ್ದರೆ 1957ರಿಂದ 1964ರ ನಡುವಿನದು, ನಯಾ ಪೈಸೆ ಎಂಬ ಹೆಸರು ಚಾಲ್ತಿಯಲ್ಲಿದ್ದದ್ದು ಅಷ್ಟೇ ವರ್ಷ. ಜಾಹೀರಾತಿನ ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಶಿರಸಿ ಕಡೆಯ ತುಣುಕಾದರೆ ಅಡಿಕೆ ಧಾರಣೆ ಸಿಕ್ಕೀತು: ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು. ದರ ಮಣದ ಲೆಕ್ಕದಲ್ಲಿದೆಯೋ ಕ್ವಿಂಟಲ್ ಲೆಕ್ಕದಲ್ಲೋ ಗಮನಿಸಿ. ಮೆಟ್ರಿಕ್ ತೂಕ ಕಡ್ಡಾಯವಾದದ್ದು 1960ರ ದಶಕದ ಆರಂಭದಲ್ಲಿ. ಹಿಂದಿನ ಬೆಲೆ ನೆನಪಿರುವ ತೋಟಿಗರೊಬ್ಬರಿಗೆ ತೋರಿಸಿದರೆ, ದರ ನೋಡಿಯೇ “ಇದು ಆ ವರ್ಷದ್ದು, ನಾವು ಮನೆ ಕಟ್ಟಿದ್ದು ಆಗಲೇ” ಎಂದು ಹೇಳಿಬಿಡುತ್ತಾರೆ. ವಾರ, ತಾರೀಖು ಎರಡೂ ಇದ್ದು ವರ್ಷ ಮಾತ್ರ ಇಲ್ಲದಿದ್ದರೆ ಹೆದರಬೇಡಿ. ಅದೇ ತಾರೀಖಿಗೆ ಅದೇ ವಾರ ಮತ್ತೆ ಬರುವುದು 5, 6 ಇಲ್ಲವೇ 11 ವರ್ಷಕ್ಕೆ.

ಯಾವ ಪತ್ರಿಕೆ, ಯಾವ ಪುಟ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಹೊನ್ನಾವರದ ಸಾವಿನ ಸುದ್ದಿಯನ್ನು ಬೆಂಗಳೂರು ಆವೃತ್ತಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ನಾಲ್ಕು ಸಾಲಿನ ನಿಧನ ವಾರ್ತೆ ಬರುತ್ತಿದ್ದದ್ದು ಜಿಲ್ಲಾ ಪುಟದಲ್ಲಿ, ಆ ಜಿಲ್ಲೆಗೆ ಹೋಗುವ ಆವೃತ್ತಿಯಲ್ಲಿ ಮಾತ್ರ. ಕೆಲವು ಕಡೆ ಮುಖ್ಯ ಸಂಚಿಕೆಯನ್ನಷ್ಟೇ ಬೈಂಡ್ ಮಾಡಿಸಿ ಜಿಲ್ಲಾ ಪುರವಣಿಯನ್ನು ರದ್ದಿಗೆ ಹಾಕಿರುತ್ತಾರೆ. ನಾನು ಅರ್ಧ ದಿನ ಧೂಳು ಕುಡಿದು ಹುಡುಕಿದ ಒಂದು ಗ್ರಂಥಾಲಯದಲ್ಲಿ ನನಗೆ ಬೇಕಾದ ವರ್ಷವೇ ರದ್ದಿಗೆ ಹೋಗಿತ್ತು. ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ, “ಯಾವ ಆವೃತ್ತಿ ಇದೆ, ಪುರವಣಿ ಸೇರಿಸಿ ಬೈಂಡ್ ಆಗಿದೆಯೇ” ಎಂದು ಕೇಳಿಕೊಳ್ಳಿ.

ಉತ್ತರ ಕನ್ನಡ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು ಎಂಬುದನ್ನು ಮರೆಯಬೇಡಿ. ಹಳೆಯ ತಲೆಮಾರಿನ ಓಡಾಟವೆಲ್ಲ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಮುಂಬಯಿ ಕಡೆಗೇ. ಘಟ್ಟದ ಮೇಲಿನ ಮನೆಗಳಿಗೆ ಬರುತ್ತಿದ್ದದ್ದು ಹೆಚ್ಚಾಗಿ ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’. ‘ಪ್ರಜಾವಾಣಿ’ ಶುರುವಾದದ್ದು 1948ರಲ್ಲಿ, ಮಣಿಪಾಲದ ‘ಉದಯವಾಣಿ’ 1970ರಲ್ಲಿ. ಅಂಕೋಲೆ ಕಡೆಯವರಾದರೆ ದಿನಕರ ದೇಸಾಯಿಯವರ ‘ಜನಸೇವಕ’ ವಾರಪತ್ರಿಕೆಯ ಹಳೆಯ ಸಂಚಿಕೆ ಯಾರ ಮನೆಯ ಅಟ್ಟದಲ್ಲಿದೆ ಎಂದು ವಿಚಾರಿಸಿ. ಕಾರವಾರದ ಕೊಂಕಣಿ ಮನೆಗಳಿಗೆ ಮರಾಠಿ ಪತ್ರಿಕೆ ಬರುತ್ತಿತ್ತು. ಬೆಳಗಾವಿಯ ‘ತರುಣ ಭಾರತ’ವನ್ನೂ ಗೋವೆಯ ಪತ್ರಿಕೆಗಳನ್ನೂ ನೋಡದೆ ಕಾರವಾರದ ಕುಟುಂಬದ ಲೆಕ್ಕ ಪೂರ್ತಿಯಾಗುವುದಿಲ್ಲ.

ಸಮುದಾಯದ ಮಾಸಪತ್ರಿಕೆಗಳನ್ನು ದಿನಪತ್ರಿಕೆಗಿಂತ ಮೊದಲೇ ನೋಡಿ ಎಂಬುದು ನನ್ನ ಸಲಹೆ. ಮುಂಬಯಿಯ ಕೆನರಾ ಸಾರಸ್ವತ ಅಸೋಸಿಯೇಶನ್ 1911ರದ್ದು, ಅದರ ಮಾಸಪತ್ರಿಕೆಯಲ್ಲಿ ಶಿರಾಲಿ, ಹೊನ್ನಾವರ, ಕುಮಟಾ ಮೂಲದವರ ಹೆಸರು ಹೇರಳ. ಕ್ರೈಸ್ತ ಮನೆಗಳವರು ಮಂಗಳೂರಿನಿಂದ 1938ರಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ನೋಡಬೇಕು, ಅದರ ಜೊತೆಗೆ ಚರ್ಚಿನ ಮರಣ ದಫ್ತರವನ್ನೂ. ಇಂಥ ಪತ್ರಿಕೆಗಳನ್ನು ಜನ ರದ್ದಿಗೆ ಹಾಕುವುದು ಕಡಿಮೆ.

ಇತ್ತೀಚಿನ ಇಪ್ಪತ್ತು ವರ್ಷದ್ದಾದರೆ ಇ-ಪೇಪರ್ ಇದೆ. ಆದರೆ ಹುಡುಕು ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿ ಏನೂ ಸಿಗಲಿಲ್ಲವೆಂದು ಕೈಬಿಡಬೇಡಿ. ಹಳೆಯ ಪುಟಗಳು ಯುನಿಕೋಡ್ ಅಲ್ಲದ ಫಾಂಟಿನಲ್ಲಿರುತ್ತವೆ ಅಥವಾ ಬರೀ ಚಿತ್ರವಾಗಿರುತ್ತವೆ. ತಾರೀಖು ಹಿಡಿದು ಪುಟ ತಿರುವುವುದೇ ದಾರಿ. ಮೊದಲ ವರ್ಷದ ಪುಣ್ಯಸ್ಮರಣೆಯ ಜಾಹೀರಾತನ್ನೂ ನೋಡಿ. ಅದನ್ನು ದುಡ್ಡು ಕೊಟ್ಟು, ಪುರುಸೊತ್ತಿನಲ್ಲಿ ಕೂತು ಬರೆಸಿರುತ್ತಾರೆ. ಕೆಳಗೆ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು ಎಲ್ಲರೂ ಹೆಸರಿನ ಸಮೇತ ಸಾಲಾಗಿ ನಿಂತಿರುತ್ತಾರೆ.

ಹೆಸರಿನ ಗೋಜಲು

ನಮ್ಮ ಜಿಲ್ಲೆಯಲ್ಲಿ ಮುಂಬಯಿ ಪದ್ಧತಿ: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. “ಗಣಪತಿ ರಾಮಚಂದ್ರ ಹೆಗಡೆ” ಎಂದಿದ್ದರೆ ಒಂದು ತಲೆಮಾರು ಪುಕ್ಕಟೆ ಸಿಕ್ಕಿತು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಗೋಜಲಾಗುತ್ತದೆ. ಗಣಪತಿಯ ಮಗ ರಾಮಚಂದ್ರ, ಅವನ ಮಗ ಮತ್ತೆ ಗಣಪತಿ. ಒಂದೇ ಮನೆಯಲ್ಲಿ ಮೂರು ಜನ “ಗಣಪತಿ ರಾಮಚಂದ್ರ” ಸಿಗುತ್ತಾರೆ, ಅಜ್ಜ ಯಾರು ಮೊಮ್ಮಗ ಯಾರು ಎಂದು ತಿಳಿಯಲು ವಯಸ್ಸೊಂದೇ ಆಧಾರ. ನಾನೇ ಒಮ್ಮೆ ಮುತ್ತಜ್ಜನ ಮದುವೆಯನ್ನು ಅವನ ಮೊಮ್ಮಗನಿಗೆ ಮಾಡಿಸಿಬಿಟ್ಟಿದ್ದೆ.

ಅಡ್ಡಹೆಸರಿನ ಅಕ್ಷರವನ್ನೂ ನೋಡಿ. ಅಂಕೋಲೆ, ಕುಮಟೆ ಕಡೆ “ನಾಯಕ” ಬೇರೆ, “ನಾಯ್ಕ” ಬೇರೆ. ಸಾಮಾನ್ಯವಾಗಿ ಮೊದಲನೆಯದು ನಾಡವರ ಸಮುದಾಯದ್ದು, ಎರಡನೆಯದು ನಾಮಧಾರಿ ಸಮುದಾಯದ್ದು. ಅಚ್ಚಿನ ಮೊಳೆ ಜೋಡಿಸುವವನ ಕೈತಪ್ಪಿ ಒಂದು ಒತ್ತಕ್ಷರ ಬಿದ್ದುಹೋದರೆ ನೀವು ಬೇರೆಯವರ ವಂಶ ಬರೆಯುತ್ತಾ ಕೂರುತ್ತೀರಿ. “ಗಾಂವ್ಕರ” ಅಂತೂ ನಾಲ್ಕು ಥರ ಅಚ್ಚಾಗುತ್ತದೆ, ಒಂದಕ್ಕಿಂತ ಹೆಚ್ಚು ಸಮುದಾಯದಲ್ಲೂ ಇದೆ.

ಹೆಂಗಸರ ವಿಷಯದಲ್ಲಿ ಇನ್ನೂ ಕಷ್ಟ. ಮದುವೆಯಲ್ಲಿ ಹೆಸರು ಬದಲಿಸುವ ಮನೆಗಳಲ್ಲಿ ತವರಿನ ಲಕ್ಷ್ಮಿ ಗಂಡನ ಮನೆಯ ರಾಧಾಬಾಯಿ ಆಗಿರುತ್ತಾಳೆ. ಸಾವಿನ ಸುದ್ದಿ ಬರುವುದು ರಾಧಾಬಾಯಿಯದು. ತವರಿನವರು ಲಕ್ಷ್ಮಿಯನ್ನು ಹುಡುಕುತ್ತಲೇ ಇರುತ್ತಾರೆ. ಎರಡೂ ಹೆಸರನ್ನು ಪಟ್ಟಿಯಲ್ಲಿ ಒಂದರ ಪಕ್ಕ ಒಂದು ಬರೆದಿಡಿ.

ಯಾವುದನ್ನು ನಂಬುವುದು

ಸುದ್ದಿ ಬರೆದು ಕೊಟ್ಟವನು ಯಾರು ಎಂದು ಯೋಚಿಸಿ. ಹೆಣ ಅಂಗಳದಲ್ಲಿರುವಾಗ ಅಳಿಯನೋ ಪಕ್ಕದ ಮನೆಯ ಮಾಸ್ತರರೋ ಅವಸರದಲ್ಲಿ ಚೀಟಿ ಬರೆದಿರುತ್ತಾರೆ. ಆವತ್ತಿಗೆ ಹತ್ತಿರವಿದ್ದದ್ದು ಸರಿಯಿರುತ್ತದೆ: ಊರು, ದಿನ, ಮಕ್ಕಳು ಎಲ್ಲೆಲ್ಲಿದ್ದಾರೆ. ದೂರದ್ದು ಅಂದಾಜು: ವಯಸ್ಸು, ಎಷ್ಟು ವರ್ಷ ಮೊಕ್ತೇಸರ. 78 ಎಂದರೆ 75ರಿಂದ 82ರ ನಡುವೆ ಎಂದುಕೊಳ್ಳಿ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಅದು ಹುಟ್ಟಿದ ದಿನವಲ್ಲ, ಮಾಸ್ತರರು ಹಾಕಿದ ದಿನ ಎಂದು ಅನುಮಾನಿಸಿ.

ಸ್ವಾತಂತ್ರ್ಯ ಹೋರಾಟಗಾರರದ್ದಾದರೆ ಜೈಲಿನ ಹೆಸರನ್ನು ಹಿಡಿಯಿರಿ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ನಂತರದ ಕರನಿರಾಕರಣೆಯಲ್ಲಿ ಇದ್ದವರ ಸುದ್ದಿಯಲ್ಲಿ ಹಿಂಡಲಗಾ, ಯರವಡಾ ಎಂದಿರುತ್ತದೆ. ಅಲ್ಲಿಂದ ಪಿಂಚಣಿಯ ಕಡತಕ್ಕೆ ದಾರಿಯುಂಟು. “ಮೂಲತಃ ಸೂಪಾದವರಾದ” ಎಂದು ಕಂಡರೆ ಅಲ್ಲೊಂದು ಮುಳುಗಿದ ಊರಿದೆ. ಕಾಳಿಯ ಅಣೆಕಟ್ಟಿಗೆ ಸೂಪಾ ಮುಳುಗಿ ಜನ ಜೋಯಿಡಾ ತಾಲೂಕಿನ ರಾಮನಗರಕ್ಕೆ ಬಂದರು. ಕಾರವಾರದ ಬಳಿಯ ನೌಕಾನೆಲೆಗಾಗಿ ಅರ್ಗಾ ಊರನ್ನು ಬಿಟ್ಟು ಬಂದವರ ವಿಷಯದಲ್ಲೂ ಹೀಗೇ, ಈಗಿನ ವಿಳಾಸದಲ್ಲಿ ಹಳೆಯ ಮನೆ ಸಿಗದು.

ಸಾವಿನ ದಿನವನ್ನು ಗಟ್ಟಿ ಮಾಡಿಕೊಳ್ಳಲು ಜನನ ಮರಣ ನೋಂದಣಿ ನೋಡಿ. ಈಗಿನ ಕಾಯ್ದೆ 1969ರದ್ದು, 21 ದಿನದೊಳಗೆ ಬರೆಸಬೇಕು. ಜಮೀನಿದ್ದ ಮನೆಯಾದರೆ ವಾರಸಾ ನೋಂದಣಿಯಲ್ಲಿ ಮಕ್ಕಳ ಹೆಸರು ಇರುತ್ತದೆ. ಆದರೆ ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟಿರುತ್ತಾರೆ. ನಿಧನ ವಾರ್ತೆ ಸಾಮಾನ್ಯವಾಗಿ ಅವರನ್ನು ಬಿಟ್ಟಿರುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಪತ್ರಿಕೆಯಲ್ಲಿ ಸಾವು ಅಚ್ಚಾಗುತ್ತಿದ್ದದ್ದು ತೋಟದ ಒಡೆಯರದು, ಮಾಸ್ತರರದು, ಪುರೋಹಿತರದು. ಆ ತೋಟದಲ್ಲಿ ದುಡಿದವರದು, ಹಾಲಕ್ಕಿಗಳದು, ಸಿದ್ದಿಗಳದು, ದೋಣಿಯವರದು ಅಪರೂಪ. ಗೇಣಿದಾರರ ಮನೆಯವರು ಭೂ ನ್ಯಾಯಮಂಡಳಿಯ ಕಡತ ನೋಡಿ. 1974ರ ನಂತರ ಜಮೀನಿಗಾಗಿ ಕೊಟ್ಟ ನಮೂನೆ 7ರ ಅರ್ಜಿಯ ಹಿಂದೆ ಹೇಳಿಕೆಗಳಿರುತ್ತವೆ. ಅಪ್ಪ ಯಾರು, ಅಜ್ಜ ಯಾವಾಗಿನಿಂದ ಉಳುತ್ತಿದ್ದ ಎಂಬುದು ಅವರದೇ ಬಾಯಲ್ಲಿ ಸಿಗುತ್ತದೆ.

ತುಣುಕು ಹಿಡಿದು ಹೋಗಿ

ಎರಡೂ ಬದಿಯ ಫೋಟೊ ತೆಗೆಯಿರಿ, ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಬೇಡ. ಸೆಲೋಟೇಪ್ ಹಚ್ಚಬೇಡಿ, ನಮ್ಮ ಮಳೆಗಾಲಕ್ಕೆ ಅದರ ಅಂಟು ಕಾಗದವನ್ನೇ ತಿನ್ನುತ್ತದೆ. ಆಮೇಲೆ ಜೆರಾಕ್ಸ್ ಹಿಡಿದು ಕೊನೆಯ ಸಾಲಿನ ಊರುಗಳಿಗೆ ಹೊರಡಿ.

ನಾನು ಹೊನ್ನಾವರಕ್ಕೆ ಹೋದೆ. ಅಲ್ಲಿದ್ದ ಮಗಳು ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಅವರ ಮಗಳು ಸಿಕ್ಕಿದರು, ಎಪ್ಪತ್ತು ದಾಟಿದವರು. ಕನ್ನಡಕ ಏರಿಸಿ ಎರಡು ಸಲ ಓದಿದರು. “ಮುಂಬಯಿಗೆ ಹೋದವಳು ಸಣ್ಣ ಚಿಕ್ಕಿ. ಆದ್ರೆ ಕುಮಟೆಲಿ ಇದ್ದಿದ್ದು ಇಬ್ರು. ಒಬ್ಬಳ ಲೆಕ್ಕ ಬಿಟ್ಟಿದ್ದ ನೋಡು,” ಎಂದು ಜೆರಾಕ್ಸಿನ ಅಂಚಿನಲ್ಲಿ ಪೆನ್ಸಿಲಿನಿಂದ ಹೆಸರು ಬರೆದರು. ಆ ಹಾಳೆ ಅಲ್ಲೇ ಉಳಿಯಿತು, ಅವರು ಕೇಳಿದರು. ನನಗೆ ಇನ್ನೊಂದು ತೆಗೆಸಲು ಬಸ್ ಸ್ಟ್ಯಾಂಡಿನ ಎದುರೇ ಅಂಗಡಿಯಿತ್ತು.