ಮಾತ್ರೆಗೆ ಹೊತ್ತು ಗೊತ್ತು ಏಕೆ: ವೈದ್ಯರ ಚೀಟಿಯನ್ನು ಅರಿತು ಪಾಲಿಸುವ ಬಗೆ

ವೈದ್ಯರು ಚೀಟಿಯಲ್ಲಿ ಬರೆಯುವ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು), ‘ಊಟಕ್ಕೆ ಮೊದಲು’, ‘ಊಟವಾದ ಮೇಲೆ’ ಎಂಬ ಸೂಚನೆಗಳನ್ನು ಮಾತ್ರೆಯ ಹೆಸರಿನಷ್ಟೇ ಎಚ್ಚರದಿಂದ ಓದಬೇಕು. ನುಂಗಿದ ಔಷಧದಲ್ಲಿ ಎಷ್ಟು ಪಾಲು ರಕ್ತ ಸೇರುತ್ತದೆ, ಅಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಲೆಕ್ಕದ ಮೇಲೆಯೇ ಆ ಸೂಚನೆಗಳು ನಿಂತಿವೆ.

ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೇವೆ ಎಂಬುದನ್ನು ಮೊದಲು ಗಮನಿಸಬೇಕು. ಹೈನುಗಾರಿಕೆ ಹಬ್ಬಿರುವ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದವರು ಕಾಫಿಯ ಜೊತೆಗೇ ಮಾತ್ರೆಯನ್ನೂ ನುಂಗಿಬಿಡುವುದುಂಟು. ಹಾಲಿನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್‌ಗಳಂಥ ಆಂಟಿಬಯೋಟಿಕ್‌ಗಳಿಗೆ ಅಂಟಿಕೊಂಡು, ಅವು ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರದಂತೆ ತಡೆಯುತ್ತದೆ. ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆಯ ನಂತರವೇ ಕಾಫಿ, ತಿಂಡಿ ಮಾಡಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೆ ಅದರಿಂದ ನಾಲ್ಕು ಗಂಟೆಯ ಅಂತರವಿರಬೇಕು. ಹಾಗೆಂದು ಎಲ್ಲಕ್ಕೂ ಬರಿಹೊಟ್ಟೆ ಸಲ್ಲದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹೊಟ್ಟೆಯನ್ನು ಕೆಡಿಸಬಹುದಾದ್ದರಿಂದ ಅದನ್ನು ಊಟದೊಂದಿಗೆ ತೆಗೆದುಕೊಳ್ಳುತ್ತಾರೆ.

ಕರುಳಿನಿಂದ ಹೀರಲ್ಪಟ್ಟ ಔಷಧ ಮೊದಲು ಯಕೃತ್ತನ್ನು ಹಾದುಹೋಗುತ್ತದೆ, ಅಲ್ಲಿ ಕೆಲವು ಔಷಧಗಳ ಬಹುಪಾಲು ಒಡೆದು ನಿಷ್ಪ್ರಯೋಜಕವಾಗುತ್ತದೆ. ನಾಲಿಗೆಯ ಕೆಳಗೆ ಕರಗಿದ್ದು ಯಕೃತ್ತನ್ನು ಹಾಯದೆ ನೇರವಾಗಿ ರಕ್ತ ಸೇರುತ್ತದೆ. ಎದೆನೋವಿಗೆ ನಾಲಿಗೆಯ ಕೆಳಗಿಡಲು ಕೊಟ್ಟ ಮಾತ್ರೆಯನ್ನು ನುಂಗಬಾರದೆನ್ನುವುದು ಇದಕ್ಕಾಗಿಯೇ.

ತಲೆನೋವಿನ ಮಾತ್ರೆಗೆ ನೋವಿರುವುದು ತಲೆಯಲ್ಲೆಂದು ತಿಳಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಅದಕ್ಕೆ ತಿಳಿಯುವುದಿಲ್ಲ, ರಕ್ತ ಅದನ್ನು ಮೈಯೆಲ್ಲ ಒಯ್ಯುತ್ತದೆ, ತನಗೆ ಹೊಂದುವ ಪ್ರೋಟೀನು ಸಿಕ್ಕಲ್ಲೆಲ್ಲ ಅದು ಕೆಲಸ ಮಾಡುತ್ತದೆ. ಬಿ.ಪಿ.ಗೆ ಕೊಡುವ ಅಟೆನೊಲಾಲ್, ಬಡಿತ ಏರಿಸುವ ಹಾರ್ಮೋನಾದ ಅಡ್ರಿನಲಿನ್ ಹೃದಯದಲ್ಲಿ ಕೂರಬೇಕಾದ ರಿಸೆಪ್ಟರ್‌ಗಳೆಂಬ ಪ್ರೋಟೀನುಗಳನ್ನು ತಾನು ಆಕ್ರಮಿಸಿ ಬಡಿತವನ್ನು ತಗ್ಗಿಸುತ್ತದೆ. ಅಂಥ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಹೃದಯದ ಮೇಲಿನ ಒತ್ತಡ ಮರುಕಳಿಸಬಹುದು.

ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಬೇಕಾದ ಸಮಯವೇ ಅದರ ಅರ್ಧಾಯು. ಪ್ಯಾರಾಸಿಟಮಾಲ್‌ಗೆ ಇದು ಎರಡು–ಮೂರು ಗಂಟೆ ಮಾತ್ರ, ಆದ್ದರಿಂದ ಜ್ವರ ಮತ್ತೆ ಏರುತ್ತದೆ. ಆದರೂ ಎರಡು ಬಾರಿಯ ನಡುವೆ ಕನಿಷ್ಠ ನಾಲ್ಕು ಗಂಟೆ ಇರಬೇಕು, ಆರೋಗ್ಯವಂತ ವಯಸ್ಕರೂ ದಿನಕ್ಕೆ 4 ಗ್ರಾಂ ಮೀರಬಾರದು; ನೆಗಡಿಯ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುವುದುಂಟಾದ್ದರಿಂದ ಸ್ಟ್ರಿಪ್‌ನ ಸಣ್ಣಕ್ಷರ ಓದಿ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಬಿ.ಪಿ.ಯ ಆಮ್ಲೊಡಿಪಿನ್‌ನ ಅರ್ಧಾಯು 30ರಿಂದ 50 ಗಂಟೆ. ದಿನಕ್ಕೊಂದೇ ಮಾತ್ರೆ ಸಾಲುವುದು ಇದರಿಂದ. ರಕ್ತದಲ್ಲಿ ಅದರ ಮಟ್ಟ ಸ್ಥಿರಗೊಳ್ಳಲು ಒಂದು ವಾರವೇ ಬೇಕಾಗುವುದೂ ಇದರಿಂದಲೇ. ಎರಡು ದಿನಕ್ಕೆ ಬಿ.ಪಿ. ನೋಡಿಸಿ ‘ಈ ಮಾತ್ರೆ ಹಿಡಿಯಲಿಲ್ಲ’ ಎಂದು ಬೇರೆ ವೈದ್ಯರನ್ನು ಹುಡುಕುವವರು ಮಾತ್ರೆಗೆ ಸಲ್ಲಬೇಕಾದ ಕಾಲಾವಕಾಶವನ್ನೇ ಕೊಟ್ಟಿರುವುದಿಲ್ಲ.

ಕೊನೆಗೆ ಅನೇಕ ಔಷಧಗಳು ಮೂತ್ರಪಿಂಡದ ಮೂಲಕ ಹೊರಬೀಳುತ್ತವೆ. ಮೂತ್ರಪಿಂಡದ ಕೆಲಸ ಕುಗ್ಗಿದವರಲ್ಲಿ ಅವು ಮೈಯಲ್ಲೇ ಉಳಿದು ವಿಷವಾಗಬಹುದು. ಅಂಥವರು ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಯನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ಪಡೆಯಲೇಬಾರದು, ಏಕೆಂದರೆ ಅದು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ವೈದ್ಯರಲ್ಲಿಗೆ ಹೋಗುವಾಗ ನಾಟಿ ಔಷಧವೂ ಸೇರಿದಂತೆ ಸೇವಿಸುತ್ತಿರುವುದನ್ನೆಲ್ಲ ಒಯ್ದು ತೋರಿಸಬೇಕು.

ಒಂದು ಹೊತ್ತಿನ ಮಾತ್ರೆ ಮರೆತರೆ ಸಾಮಾನ್ಯವಾಗಿ ನೆನಪಾದೊಡನೆ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಹತ್ತಿರವಿದ್ದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನಷ್ಟೇ ನುಂಗಬೇಕು, ಎರಡನ್ನೂ ಒಟ್ಟಿಗೆ ನುಂಗಬಾರದು.