ಎರವಲು ಕೊಟ್ಟ ವಸ್ತುವನ್ನು ಮಾಜಿ ಸಂಗಾತಿಯಿಂದ ಮರಳಿ ಪಡೆಯುವ ಬಗೆ

ಸಂಬಂಧ ಮುರಿದ ಮೇಲೆ ಮಾಜಿ ಸಂಗಾತಿಯ ಬಳಿ ಉಳಿದ ವಸ್ತುವನ್ನು ಕೇಳುವ ಮೊದಲು, ಅದು ಎರವಲೋ ಉಡುಗೊರೆಯೋ ಎಂಬುದನ್ನು ನಮ್ಮಲ್ಲೇ ಪ್ರಾಮಾಣಿಕವಾಗಿ ಇತ್ಯರ್ಥ ಮಾಡಿಕೊಳ್ಳಬೇಕು. ಹುಟ್ಟುಹಬ್ಬಕ್ಕೆಂದು ಕೊಟ್ಟ ಕೈಗಡಿಯಾರ ಅಂದೇ ಅವರದಾಯಿತು. ಮನಸ್ತಾಪವಾಯಿತೆಂದು ಅದನ್ನು ಕೇಳುವಂತಿಲ್ಲ. ‘ಪ್ರವಾಸ ಮುಗಿಸಿಕೊಂಡು ಬಂದು ಕೊಡು’ ಎಂದು ಕೊಟ್ಟ ಕ್ಯಾಮೆರಾ ಲೆನ್ಸಿನ ಮಾತು ಬೇರೆ. ಬಾಡಿಗೆ ಪಡೆಯದೆ ಬಳಕೆಗೆ ಕೊಟ್ಟ ವಸ್ತುವನ್ನು, ಅವಧಿ ಗೊತ್ತುಮಾಡಿದ್ದರೂ, ಕೊಟ್ಟವರು ಯಾವಾಗ ಬೇಕಾದರೂ ಮರಳಿ ಕೇಳಬಹುದೆಂದು 1872ರ ಭಾರತೀಯ ಒಪ್ಪಂದ ಕಾಯ್ದೆಯ 159ನೇ ಕಲಂ ಹೇಳುತ್ತದೆ.

ಕೋಪದಲ್ಲಿ ಚಾಟ್ ಅಳಿಸಿಹಾಕುವವರೇ ಹೆಚ್ಚು, ಹಾಗೆ ಮಾಡಬಾರದು. ‘ಲೆನ್ಸ್ ಮುಂದಿನ ವಾರ ಕೊಡ್ತೀನಿ’ ಎಂಬ ಅವರ ಒಂದೇ ಸಾಲು ನಮ್ಮ ಹತ್ತು ವಾದಗಳಿಗಿಂತ ಗಟ್ಟಿ. ಆ ಸಂಭಾಷಣೆಯನ್ನು ಇಮೇಲಿಗೆ ಕಳುಹಿಸಿಟ್ಟುಕೊಂಡು, ಖರೀದಿಯ ಬಿಲ್ಲು ಮತ್ತು ಲೆನ್ಸಿನ ಮೇಲೆ ಅಚ್ಚಾಗಿರುವ ಸೀರಿಯಲ್ ನಂಬರನ್ನು ಅದರ ಜೊತೆಗಿಡಬೇಕು. ಎರವಲು ಕೊಟ್ಟದ್ದು ಸ್ಕೂಟರ್ ಆಗಿದ್ದರೆ ತಡಮಾಡಲೇಬಾರದು, ಏಕೆಂದರೆ ಅವರು ಸಿಗ್ನಲ್ ಜಿಗಿದರೂ ದಂಡದ ಚಲನ್ ಬರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಕೇಳುವ ರೀತಿಯಲ್ಲಿ. ನಾನೊಮ್ಮೆ ನನ್ನ 50 ಎಂ.ಎಂ. ಲೆನ್ಸ್ ಕೇಳಲು ಕುಳಿತು, ನಾಲ್ಕು ಪ್ಯಾರಾ ನೋವು ತೋಡಿಕೊಂಡು, ಕೊನೆಯ ಸಾಲಿನಲ್ಲಿ ಲೆನ್ಸಿನ ಪ್ರಸ್ತಾಪ ಮಾಡಿದ್ದೆ. ನಾಲ್ಕೂ ಪ್ಯಾರಾಗಳಿಗೆ ಸವಿಸ್ತಾರವಾದ ಉತ್ತರ ಬಂತು, ಲೆನ್ಸಿನ ಸುದ್ದಿಯೇ ಇರಲಿಲ್ಲ. ಎರಡನೆಯ ಸಲ, ಗ್ರಂಥಾಲಯದವರು ಪುಸ್ತಕ ಕೇಳುವಷ್ಟೇ ಒಣದಾಗಿ ಬರೆದೆ: ‘ಜೂನ್‌ನಲ್ಲಿ ಕೊಟ್ಟಿದ್ದ ಲೆನ್ಸ್, ಎರಡೂ ಮುಚ್ಚಳ ಮತ್ತು ಚೀಲ ಬೇಕಾಗಿವೆ. ಶನಿವಾರ ಸಂಜೆಯೊಳಗೆ ನಿಮ್ಮ ಗೇಟಿನ ಬಳಿ ಪಾರ್ಸೆಲ್‌ನವರು ಬಂದು ಒಯ್ಯುವಂತೆ ಮಾಡಲೇ? ಖರ್ಚು ನನ್ನದು.’ ಹೌದು ಅಥವಾ ಇಲ್ಲ ಎನ್ನುವುದರ ಹೊರತು ಅದಕ್ಕೆ ಬೇರೆ ಉತ್ತರವಿರಲಿಲ್ಲ.

ಖುದ್ದಾಗಿ ಹೋಗುವುದಕ್ಕಿಂತ ಇಬ್ಬರಿಗೂ ಬೇಕಾದ ಸ್ನೇಹಿತರ ಮೂಲಕ ತರಿಸಿಕೊಳ್ಳುವುದು ಮೇಲು. ಒಡವೆಯನ್ನಂತೂ ಪಾರ್ಸೆಲ್‌ನವರ ಕೈಗೆ ಕೊಡಿಸಬಾರದು. ನಮ್ಮ ಬಳಿಯಿರುವ ಅವರ ವಸ್ತುಗಳನ್ನು ಒತ್ತೆಯಿಟ್ಟುಕೊಂಡು ಚೌಕಾಸಿಗಿಳಿಯದೆ, ಸಾಧ್ಯವಾದರೆ ಮೊದಲೇ ತಲುಪಿಸಿಬಿಡಬೇಕು. ಹಳೆಯ ಕೀಲಿಕೈ ಇನ್ನೂ ನಮ್ಮಲ್ಲಿದೆಯೆಂದು ಅವರಿಲ್ಲದಾಗ ಮನೆ ಹೊಕ್ಕರೆ, ನ್ಯಾಯ ನಮ್ಮ ಕಡೆ ಇದ್ದರೂ ಅಪರಾಧಿಗಳಾಗುವವರು ನಾವೇ.

ಎರಡು ಸಲ ಕೇಳಿದರೂ ಉತ್ತರ ಬಾರದಿದ್ದರೆ ವಕೀಲರ ಮೂಲಕ ನೋಟಿಸ್ ಕಳುಹಿಸಬಹುದು. ದಾವೆ ಹೂಡಲು ಕಾಲಮಿತಿ ಸಾಮಾನ್ಯವಾಗಿ 3 ವರ್ಷವಾದ್ದರಿಂದ, ಕೇಳಿದ ದಿನ ಮತ್ತು ಅವರು ನಿರಾಕರಿಸಿದ ದಿನ ಎರಡನ್ನೂ ಬರೆದಿಟ್ಟುಕೊಳ್ಳಬೇಕು. ನಂಬಿಕೆ ದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಇದೆ, ನಿಜ. ಆದರೆ ಅಪ್ರಾಮಾಣಿಕ ಉದ್ದೇಶವನ್ನು ಸಾಬೀತುಪಡಿಸಬೇಕಾಗುತ್ತದೆ, ಕೊಡಲು ತಡಮಾಡಿದ್ದಷ್ಟೇ ಅಪರಾಧವಾಗುವುದಿಲ್ಲ. ವಕೀಲರ ಶುಲ್ಕ ವಸ್ತುವಿನ ಬೆಲೆಯನ್ನು ಮೀರುವಂತಿದ್ದರೆ, ಅದು ಅಜ್ಜಿಯ ಸೀರೆಯಂತಹದ್ದಲ್ಲದಿದ್ದರೆ, ನಾನಾದರೆ ಅಲ್ಲಿಗೇ ಬಿಡುತ್ತೇನೆ.

ವಸ್ತು ಕೈಗೆ ಬಂದೊಡನೆ, ತಂದುಕೊಟ್ಟವರ ಎದುರಿನಲ್ಲೇ ಬಿಚ್ಚಿ ನೋಡಿ, ಲೆನ್ಸನ್ನು ಬೆಳಕಿಗೆ ಹಿಡಿದು ಗೀರು, ಬೂಷ್ಟುಗಳಿವೆಯೇ ಎಂದು ಪರೀಕ್ಷಿಸಿ, ಮಾಜಿ ಸಂಗಾತಿಗೆ ‘ತಲುಪಿತು’ ಎಂದಷ್ಟೇ ಬರೆದು ಕಳುಹಿಸಬೇಕು.